ಅಡಿಕೆ ತೂಕದ ಫೈಲ್ ಓದುವಾಗ: ರಸ್ಟ್‌ನಲ್ಲಿ ಎರರ್ ಹಿಡಿದ ನನ್ನ ಅನುಭವ

ಶಿರಸಿಯ ಒಂದು ಅಡಿಕೆ ವಖಾರಿಗೆ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೊಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ತೂಕದ ಯಂತ್ರದ ಪಕ್ಕದ ಕಂಪ್ಯೂಟರ್ ದಿನಕ್ಕೊಂದು ಫೈಲ್ ಬರೆಯುತ್ತದೆ. ಬೆಳೆಗಾರರ ಹೆಸರು, ಅಡಿಕೆಯ ಬಗೆ ಚಾಲಿಯೋ ರಾಶಿಯೋ ಬೆಟ್ಟೆಯೋ, ಎಷ್ಟು ಕಿಲೋ. ಸಂಜೆ ಅದನ್ನು ಓದಿ ಲೆಕ್ಕ ಕೂಡಿಸಬೇಕು, ಅಷ್ಟೇ. ಕೂಡಿಸುವ ಭಾಗ ರಸ್ಟ್‌ನಲ್ಲಿ ಬೇಗ ಮುಗಿಯಿತು. ಫೈಲ್ ಸರಿಯಾಗಿ ಓದಲು ಬರದಿದ್ದರೆ ಏನು ಮಾಡಬೇಕು ಅನ್ನುವುದಕ್ಕೇ ಜಾಸ್ತಿ ಸಮಯ ಕೊಟ್ಟೆ. ಅದು ಒಂದು ಮನೆಯ ವರ್ಷದ ಬೆಳೆ. ಲೆಕ್ಕ ತಪ್ಪುವುದಕ್ಕಿಂತ ಲೆಕ್ಕ ನಿಲ್ಲುವುದೇ ಮೇಲು.

ರಸ್ಟ್‌ನಲ್ಲಿ ಫೈಲ್ ತೆರೆದರೆ ಕೈಗೆ ಬರುವುದು ರಿಸಲ್ಟ್. ಕೆಲಸ ಆದರೆ ಅದರೊಳಗೆ ಓಕೆ ಇರುತ್ತದೆ, ಆಗದಿದ್ದರೆ ಎರ್. ಯಾವುದು ಬಂದಿದೆ ಎಂದು ವಿಚಾರಿಸದೆ ಒಳಗಿನ ಫೈಲ್ ಸಿಗುವುದಿಲ್ಲ. ಸಿ ಭಾಷೆಯಲ್ಲಿ ಫೈಲ್ ತೆರೆಯದಿದ್ದರೆ ಎಫ್‌ಓಪನ್ ನಲ್ ಪಾಯಿಂಟರ್, ಅಂದರೆ ಎಲ್ಲಿಗೂ ತೋರಿಸದ ವಿಳಾಸ, ಕೊಡುತ್ತದೆ. ಅದನ್ನು ನೋಡದೆ ಮುಂದೆ ಹೋದರೂ ಕಂಪೈಲರ್ ತಡೆಯುವುದಿಲ್ಲ. ರಸ್ಟ್‌ನಲ್ಲೂ ಅನ್‌ರ‍್ಯಾಪ್ ಎಂದು ಬರೆದು ವಿಚಾರಿಸದೆ ಮುಂದೆ ಹೋಗಬಹುದು, ಆದರೆ ಎರ್ ಬಂದ ಕೂಡಲೇ ಪ್ರೋಗ್ರಾಂ ಪ್ಯಾನಿಕ್ ಆಗಿ ಅರ್ಧಕ್ಕೇ ನಿಲ್ಲುತ್ತದೆ. ಟೆಸ್ಟ್ ಬರೆಯುವಾಗ ಅದು ಸಾಕು, ವಖಾರಿಗೆ ಸಾಲದು.

ನಾನು ಎಲ್ಲ ಕಡೆ ಬಳಸಿದ್ದು ಪ್ರಶ್ನಾರ್ಥಕ ಚಿಹ್ನೆ. 2016ರ ನವೆಂಬರ್‌ನಲ್ಲಿ ರಸ್ಟ್ 1.13ರ ಜೊತೆ ಬಂದದ್ದು. ಎರ್ ಬಂದರೆ ಅದನ್ನು, ಈ ಕೆಲಸಕ್ಕೆ ಕರೆದ ಫಂಕ್ಷನ್‌ಗೇ (ಪ್ರೋಗ್ರಾಂನ ಭಾಗಕ್ಕೇ) ವಾಪಸ್ ಕೊಡುತ್ತದೆ. ಒಂದು ಕೊರತೆ ಇದೆ: ಬರುವ ಎರರ್‌ನಲ್ಲಿ ಫೈಲಿನ ಹೆಸರು ಇರುವುದಿಲ್ಲ. ‘ಅಂಥ ಫೈಲ್ ಇಲ್ಲ, ಓಎಸ್ ಎರರ್ 2’ ಅನ್ನುತ್ತದೆ, ಅಷ್ಟೇ. ಪ್ರಯೋಗ ಮಾಡುವಾಗ ಗುಮಾಸ್ತರು ಕೇಳಿದರು, “ಹೆಗಡೇರೇ, ಫೈಲ್ ಇಲ್ಲ ಅಂತಿದೆ. ಯಾವ ಫೈಲು ಹೇಳಿ?” ಕೇಳಬೇಕಾದ ಪ್ರಶ್ನೆಯೇ ಅದು, ಅಲ್ವಾ? ಎನಿಹೌ ಲೈಬ್ರರಿಯ ವಿತ್ ಕಾಂಟೆಕ್ಸ್ಟ್ ಬಳಸಿ ಪ್ರತಿ ಎರರ್‌ಗೂ ಫೈಲಿನ ಹೆಸರು, ಸಾಲಿನ ನಂಬರ್ ಅಂಟಿಸಿದೆ.

ಫೈಲ್ ಇದೆಯೇ ಎಂದು ಮೊದಲೇ ನೋಡಿ ಆಮೇಲೆ ತೆರೆಯುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ನೋಡುವುದಕ್ಕೂ ತೆರೆಯುವುದಕ್ಕೂ ನಡುವೆ ಫೈಲ್ ಹೋಗಿಬಿಡಬಹುದು. ನೇರ ತೆರೆದು, ಎರರ್‌ನ ಬಗೆ ನೋಡುತ್ತೇನೆ. ನಾಟ್ ಫೌಂಡ್ ಬಂದು ಅವತ್ತು ರಜೆಯಾಗಿದ್ದರೆ ‘ಇಂದು ತೂಕವಿಲ್ಲ’ ಎಂದು ಬರೆಯುತ್ತೇನೆ. ಪರ್ಮಿಷನ್ ಡಿನೈಡ್ ಆದರೆ ನಿಲ್ಲಿಸುತ್ತೇನೆ. ಈ ತೀರ್ಮಾನ ಪ್ರೋಗ್ರಾಂ ಶುರುವಾಗುವ ಮೇನ್ ಫಂಕ್ಷನ್‌ನಲ್ಲಿ ಮಾತ್ರ. ಓದುವ ಫಂಕ್ಷನ್ ಆದದ್ದನ್ನು ಹೇಳಿದರೆ ಸಾಕು.

ಕನ್ನಡದವರಿಗೇ ಎದುರಾಗುವ ಎರರ್ ಇನ್ನೊಂದಿದೆ. ಬೆಳೆಗಾರರ ಹಳೆಯ ಪಟ್ಟಿ ನುಡಿ ಎಂಬ ಕನ್ನಡ ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು. ಅದರಲ್ಲಿ ‘ಕ’ ಬರೆದರೆ ಪಿ ಅಕ್ಷರದ ಬೈಟ್, ಅದರ ನಂತರ 192ರ ಬೈಟ್ ಕೂರುತ್ತದೆ. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 192 ಎಲ್ಲೂ ಬರುವಂತಿಲ್ಲ. ಹಾಗಾಗಿ ಫೈಲನ್ನು ಪಠ್ಯವಾಗಿ ಓದುವ ರೀಡ್ ಟು ಸ್ಟ್ರಿಂಗ್ ‘ಇನ್ವ್ಯಾಲಿಡ್ ಡೇಟಾ’ ಎಂದು ಕೈಚೆಲ್ಲುತ್ತದೆ. ಫ್ರಮ್ ಯುಟಿಎಫ್8 ಲಾಸಿ ಬಳಸಿದರೆ ಎರರ್ ಬಾರದು, ಆದರೆ ಓದಲಾಗದ ಬೈಟಿನ ಜಾಗದಲ್ಲೆಲ್ಲ ಒಂದೇ ಚಿಹ್ನೆ ಕೂತು ಹೆಸರುಗಳು ಹಾಳಾಗುತ್ತವೆ. ಅದಕ್ಕೇ ಬರೀ ಬೈಟ್‌ಗಳಾಗಿ ಓದಿ, ಯುಟಿಎಫ್-8 ಹೌದೇ ಎಂದು ಆಮೇಲೆ ಪರೀಕ್ಷಿಸುತ್ತೇನೆ. ಅಲ್ಲದಿದ್ದರೆ ವ್ಯಾಲಿಡ್ ಅಪ್ ಟು ಎಲ್ಲಿ ಕೆಟ್ಟಿತು ಎಂದು ಹೇಳುತ್ತದೆ. ಆ ಫೈಲ್ ಮೊದಲು ಯೂನಿಕೋಡ್‌ಗೆ ಪರಿವರ್ತನೆಯಾಗಬೇಕು.

ಸಾಲು ಸಾಲಾಗಿ ಓದುವಾಗ ಲೈನ್ಸ್‌ಗೆ ಫ್ಲಾಟನ್ ಸೇರಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಓದಲಾಗದ ಸಾಲನ್ನು ಅದು ಸುಮ್ನೆ ಬಿಟ್ಟುಬಿಡುತ್ತದೆ. ಲಿನಕ್ಸ್‌ನಲ್ಲಿ ಫೈಲಿನ ಬದಲು ಫೋಲ್ಡರ್ ಹೆಸರು ಕೊಟ್ಟರಂತೂ ತೆರೆಯುವುದು ತೆರೆಯುತ್ತದೆ, ಓದಿದಾಗಲೆಲ್ಲ ಎರ್ ಬರುತ್ತದೆ, ಲೂಪ್ ಮುಗಿಯುವುದೇ ಇಲ್ಲ.

ಎಲ್ಲಕ್ಕಿಂತ ಅಪಾಯದ್ದು ಎರ್ ಬಾರದೇ ಆಗುವ ತಪ್ಪು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಬರೆಯುವ ಮಧ್ಯೆ ಹೋದರೆ 412 ಕಿಲೋ ಅನ್ನುವುದು 41ಕ್ಕೆ ನಿಲ್ಲಬಹುದು. ರಸ್ಟ್‌ಗೆ ಅದೂ ಒಳ್ಳೆಯ ಸಂಖ್ಯೆಯೇ. ಲೈನ್ಸ್ ಸಾಲು ಮುಗಿಯಿತೆನ್ನುವ ನ್ಯೂಲೈನ್ ಗುರುತು ತೆಗೆದು ಕೊಡುವುದರಿಂದ ಸಾಲು ಪೂರ್ತಿಯಾಗಿತ್ತೇ ಎಂದು ತಿಳಿಯದು. ರೀಡ್ ಲೈನ್ ಅದನ್ನು ಉಳಿಸಿಕೊಳ್ಳುತ್ತದೆ. ತೂಕದ ಯಂತ್ರದ ಪಕ್ಕದ ಕಂಪ್ಯೂಟರ್ ಪ್ರತಿ ಸಾಲಿಗೂ ನ್ಯೂಲೈನ್ ಹಾಕುತ್ತದೆ. ಕೊನೆಯ ಸಾಲಿನಲ್ಲಿ ಅದು ಕಾಣದಿದ್ದರೆ ನಾನೇ ಎರ್ ಮಾಡಿ ಮೇಲೆ ಕಳಿಸುತ್ತೇನೆ. ಮೊತ್ತ ಪ್ರಿಂಟ್ ಆಗುವುದಿಲ್ಲ. ಬೆಳೆಗಾರರ ಹೆಸರು, ಸಾಲಿನ ನಂಬರ್ ತೋರಿಸಿ, ತೂಕದ ಚೀಟಿ ನೋಡಿ ತುಂಬಿ ಎಂದು ಪ್ರೋಗ್ರಾಂ ಗುಮಾಸ್ತರನ್ನು ಕೇಳುತ್ತದೆ.