ರಿಕ್ವೆಸ್ಟ್ ಕೋಡ್ ಹತ್ತು ಕಡೆ ಬೇಡ, ಒಂದೇ ಕಡೆ ಸಾಕು

ಪೈಥಾನ್‌ನಲ್ಲಿ ಎಪಿಐ ಕ್ಲೈಂಟ್ (ಬೇರೆ ಸರ್ವರ್ ಜೊತೆ ಮಾತಾಡೋ ಕೋಡ್) ಬರೆಯೋರು ಗೆಟ್ (ಡೇಟಾ ತರೋದು), ಪೋಸ್ಟ್ (ಡೇಟಾ ಕಳಿಸೋದು), ಡಿಲೀಟ್‌ಗೆಲ್ಲ ಅದೇ ಹೆಡರ್, ಟೋಕನ್, ಎರರ್ ಚೆಕ್ ಕಾಪಿ ಮಾಡ್ತಾ ಹೋಗ್ಬೇಡಿ. ಮೆಥಡ್, ಪಾತ್, ಬಾಡಿ ತಗೊಳ್ಳೋ ಒಂದೇ ಫಂಕ್ಷನ್ ಬರೆದು, ಅದರೊಳಗೆ ರಿಕ್ವೆಸ್ಟ್ಸ್ ಲೈಬ್ರರಿಯ ಒಂದೇ ಸೆಷನ್ ಬಳಸಿ. ಉಳಿದವೆಲ್ಲ ಅದನ್ನು ಕರೆಯೋ ಒಂದೊಂದು ಸಾಲು. ಸೆಷನ್ ಇದ್ದ ಕನೆಕ್ಷನ್ನನ್ನೇ ಮತ್ತೆ ಬಳಸೋದ್ರಿಂದ ಪ್ರತಿ ಸಲ ಹೊಸ ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಸುರಕ್ಷಿತ ಕನೆಕ್ಷನ್‌ಗೆ ಮೊದಲು ನಡೆಯೋ ಮಾತುಕತೆ) ಬೇಕಾಗಲ್ಲ. ಟೈಮ್‌ಔಟ್ ನೀವೇ ಕೊಡಿ, ಲೈಬ್ರರಿ ತಾನಾಗಿ ಹಾಕಲ್ಲ (ಕೊಡದಿದ್ರೆ ಸಿಲ್ಕ್ ಬೋರ್ಡ್ ಸಿಗ್ನಲ್ ಥರ ಕಾಯ್ತಾನೇ ಇರುತ್ತೆ). ರೀಟ್ರೈ (ಫೇಲಾದ್ರೆ ತಾನಾಗಿ ಮತ್ತೆ ಕಳಿಸೋದು) ಮಾತ್ರ ಎಲ್ಲಕ್ಕೂ ಸೇರಿಸ್ಬೇಡಿ: ಗೆಟ್‌ಗೆ ಸರಿ, ಪೋಸ್ಟ್‌ನಲ್ಲಿ ಉತ್ತರ ಬರದಿದ್ರೂ ಸರ್ವರ್ ಕೆಲಸ ಮುಗಿಸಿರಬಹುದು, ಮತ್ತೆ ಕಳಿಸಿದ್ರೆ ಒಂದು ಆರ್ಡರ್ ಎರಡಾಗಬಹುದು. ದೊಡ್ಡ ಫೈಲ್ ಡೌನ್‌ಲೋಡ್‌ಗೂ ಈ ಫಂಕ್ಷನ್ ಒಗ್ಗಲ್ಲ. ಅದಕ್ಕೆ ಸ್ಟ್ರೀಮ್ (ಫೈಲನ್ನು ತುಂಡುತುಂಡಾಗಿ ತಗೊಳ್ಳೋದು) ಬೇಕು, ಬೇರೆಯೇ ಬರೀರಿ.