ಹೆಚ್ಚು ಜನರಿಗೆ ತಲುಪದ ಗಾಯಕರನ್ನು ನೆನೆದು ಬರೆಯುವುದು ಹೇಗೆ

ಅರವತ್ತು, ಎಪ್ಪತ್ತರ ದಶಕಗಳ ರಾಕ್ ಮತ್ತು ಪಾಪ್ ಸಂಗೀತವೆಂದೊಡನೆ ಎಲ್ಲರ ಬಾಯಿಗೂ ಬರುವ ಹೆಸರುಗಳನ್ನು ಬದಿಗಿರಿಸಿ, ಅದೇ ಕಾಲದಲ್ಲಿ ಅಷ್ಟೇ ಶ್ರದ್ಧೆಯಿಂದ ಹಾಡಿಯೂ ಹೆಚ್ಚು ಕೇಳುಗರಿಗೆ ತಲುಪದೆ ಹೋದವರ ಬಗ್ಗೆ ಬರೆಯಹೊರಟವರು ಹಾಡಿನಿಂದ ಆರಂಭಿಸಬೇಕು, ಬದುಕಿನ ದುಃಖದಿಂದಲ್ಲ. ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್ 1974ರಲ್ಲಿ, ತಮ್ಮ 26ನೇ ವಯಸ್ಸಿನಲ್ಲಿ ತೀರಿಕೊಂಡರೆಂಬುದನ್ನೇ ಮೊದಲ ಸಾಲಿನಲ್ಲಿ ಬರೆದರೆ, ಓದುಗರು ಆಮೇಲೆ ಅವರ ಪ್ರತಿಯೊಂದು ಸ್ವರದಲ್ಲೂ ಸಾವನ್ನೇ ಹುಡುಕುತ್ತಾರೆ. ಅದರ ಬದಲು 1972ರ ‘ಪಿಂಕ್ ಮೂನ್’ ಆಲ್ಬಮ್ಮನ್ನು ಹೆಡ್‌ಫೋನ್ ಹಾಕಿಕೊಂಡು ಒಂದೇ ಪಟ್ಟಿನಲ್ಲಿ ಕೇಳಿ. ಅರ್ಧ ಗಂಟೆಯೂ ಹಿಡಿಯದ ಆ ಆಲ್ಬಮ್ಮಿನಲ್ಲಿರುವುದು ಅವರ ದನಿ, ಅವರ ಗಿಟಾರ್ ಮತ್ತು ಮೊದಲ ಹಾಡಿನ ನಡುವೆ ಒಮ್ಮೆ ಸುಳಿದು ಮರೆಯಾಗುವ ಪಿಯಾನೊ ಮಾತ್ರ. ಆ ಪಿಯಾನೊ ಬಂದಾಗ ಏನನ್ನಿಸಿತೆಂಬುದನ್ನು ಮೊದಲು ಬರೆದುಕೊಳ್ಳಿ.

ಅನಂತರ ವಿನೈಲ್ ರೆಕಾರ್ಡನ್ನೇ, ಅಂದರೆ ಹಾಡಿನ ತಟ್ಟೆಯನ್ನೇ, ಕೈಗೆತ್ತಿಕೊಳ್ಳಬೇಕು. ಹಾಡಿನ ಗೆರೆಗಳು ಮುಗಿದು ನಡುವಿನ ಲೇಬಲ್ ಶುರುವಾಗುವುದರೊಳಗೆ ನುಣುಪಾದ ಒಂದು ಪಟ್ಟಿ ಇರುತ್ತದೆ. ರೆಕಾರ್ಡನ್ನು ದೀಪದ ಕೆಳಗೆ ಸ್ವಲ್ಪ ಓರೆಯಾಗಿ ಹಿಡಿದರೆ ಅಲ್ಲಿ ಗೀಚಿದ ಅಥವಾ ಒತ್ತಿದ ಅಂಕಿಗಳೂ, ಕೆಲವೊಮ್ಮೆ ಅಚ್ಚು ಕೊರೆದವರ ಹೆಸರಿನ ಮೊದಲಕ್ಷರಗಳೂ ಕಾಣುತ್ತವೆ. ಕೈಯಲ್ಲಿರುವುದು ಯಾವ ಮುದ್ರಣವೆಂದು ಗುರುತಿಸಲು ಹೊದಿಕೆಯ ಮೇಲಿನ ವರ್ಷಕ್ಕಿಂತ ಈ ಗುರುತುಗಳೇ ಹೆಚ್ಚು ನಂಬಿಕೆಗೆ ಅರ್ಹ. ಇಂಗ್ಲಿಷ್ ಗಾಯಕಿ ವಷ್ಟಿ ಬನ್ಯನ್ ಅವರ ಮೊದಲ ಆಲ್ಬಮ್ 1970ರಲ್ಲಿ ಬಂತು, 2000ದಲ್ಲಿ ಮರುಮುದ್ರಣಗೊಂಡ ಮೇಲೆಯೇ ಹೊಸ ಕೇಳುಗರನ್ನು ಪಡೆಯಿತು, ಎರಡನೆಯ ಆಲ್ಬಮ್ 2005ರಲ್ಲಿ ಬಂತು. ವರ್ಷ ತಪ್ಪಿದರೆ ಮೂವತ್ತು ವರ್ಷಗಳ ಆ ಮೌನವೇ ಲೆಕ್ಕದಿಂದ ಜಾರಿಹೋಗುತ್ತದೆ.

ಲೇಬಲ್ಲಿನಲ್ಲಿ ಹಾಡಿನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ರಚನಕಾರರ ಹೆಸರನ್ನು ಬಿಡದೆ ಓದಿ. ಅಮೆರಿಕದ ಗಾಯಕ ಹ್ಯಾರಿ ನಿಲ್ಸನ್ 1972ರಲ್ಲಿ ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿಸಿದ ‘ವಿದೌಟ್ ಯು’ ಹಾಡನ್ನು ಬರೆದವರು ಬ್ಯಾಡ್‌ಫಿಂಗರ್ ತಂಡದ ಪೀಟ್ ಹ್ಯಾಮ್ ಮತ್ತು ಟಾಮ್ ಇವಾನ್ಸ್. ಆದರೂ ಲೇಬಲ್ಲು ಪೂರ್ಣಸತ್ಯವಲ್ಲ. ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡದ 1973ರ ಆಲ್ಬಮ್ಮಿನಲ್ಲಿ ಮಾತಿಲ್ಲದೆ ಬರಿಯ ಆಲಾಪವಾಗಿ ಕೇಳಿಸುವ ದನಿ ಕ್ಲೇರ್ ಟೋರಿಯವರದು. ಅದಕ್ಕೆ ಅವರಿಗೆ ಸಂದದ್ದು 30 ಪೌಂಡ್, ರಚನೆಯಲ್ಲಿ ಅವರಿಗೂ ಪಾಲಿದೆಯೆಂಬ ಮಾನ್ಯತೆ ದೊರೆತದ್ದು ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ, 2005ರಲ್ಲಿ.

ಹಾಡು ಏಕೆ ತಲುಪಲಿಲ್ಲ ಎಂಬ ಪ್ರಶ್ನೆಗೆ ‘ಕಾಲ ಕೂಡಿ ಬರಲಿಲ್ಲ’ ಎಂಬ ಉತ್ತರ ಸಾಲದು. ಅಮೆರಿಕದ ಮೆಂಫಿಸ್‌ನ ಬಿಗ್ ಸ್ಟಾರ್ ತಂಡದ 1972ರ ಮೊದಲ ಆಲ್ಬಮ್ಮನ್ನು ವಿಮರ್ಶಕರು ಮೆಚ್ಚಿದರು, ಆದರೆ ವಿತರಣೆ ಕುಸಿದಿದ್ದರಿಂದ ಕೊಳ್ಳಹೋದವರಿಗೆ ಅಂಗಡಿಗಳಲ್ಲಿ ರೆಕಾರ್ಡೇ ಸಿಗಲಿಲ್ಲ. ಜಾಂಬೀಸ್ ತಂಡದ ‘ಟೈಮ್ ಆಫ್ ದಿ ಸೀಸನ್’ 1969ರಲ್ಲಿ ಅಮೆರಿಕದಲ್ಲಿ ಗೆದ್ದಾಗ ತಂಡ ಆಗಲೇ ಚದುರಿಹೋಗಿತ್ತು. ಇಂಥ ಕಾರಣವನ್ನು ಸ್ಪಷ್ಟವಾಗಿ ಹೇಳುವುದು ಕಲಾವಿದರಿಗೆ ನಾವು ಸಲ್ಲಿಸಬೇಕಾದ ನ್ಯಾಯ.

ಬರೆಯುವಾಗ ನಾನು ನೆನಪಿನಿಂದ ಬಂದುದನ್ನು ಪೆನ್ಸಿಲ್ಲಿನಲ್ಲೂ ಪರಿಶೀಲಿಸಿದ್ದನ್ನು ಶಾಯಿಯಲ್ಲೂ ಬರೆದುಕೊಳ್ಳುತ್ತೇನೆ. ಶಾಯಿಯಾಗದ ಸಾಲು ಲೇಖನಕ್ಕೆ ಹೋಗುವುದಿಲ್ಲ. ಸಾವಿನ ಸುದ್ದಿಗಂತೂ ಈ ಎಚ್ಚರ ಬೇಕೇ ಬೇಕು. ಅಮೆರಿಕದ ಡೆಟ್ರಾಯಿಟ್‌ನ ಗಾಯಕ ರಾಡ್ರಿಗೆಜ್ 1970 ಮತ್ತು 1971ರಲ್ಲಿ ತಂದ ಎರಡು ಆಲ್ಬಮ್ಮುಗಳು ತಾಯ್ನಾಡಿನಲ್ಲಿ ಮಾರಾಟವಾಗದೆ, ದಕ್ಷಿಣ ಆಫ್ರಿಕಾದಲ್ಲಿ ಮನೆಮಾತಾದವು. ಅಲ್ಲಿನ ಅಭಿಮಾನಿಗಳು ಅವರು ವೇದಿಕೆಯ ಮೇಲೆಯೇ ಪ್ರಾಣ ಕಳೆದುಕೊಂಡರೆಂದು ವರ್ಷಗಟ್ಟಲೆ ನಂಬಿದ್ದರು. ಕೊನೆಗೆ ಹುಡುಕಿದಾಗ ಅವರು ತಮ್ಮದೇ ಊರಿನಲ್ಲಿ ಕೂಲಿ ಕೆಲಸ ಮಾಡುತ್ತಾ ಬದುಕಿದ್ದರು; 1998ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಕಿಕ್ಕಿರಿದ ಸಭಾಂಗಣಗಳಲ್ಲಿ ತಮ್ಮ ಹಾಡುಗಳನ್ನು ತಾವೇ ಹಾಡಿದರು.