2019ರ ರಕ್ತದಲ್ಲೂ ಚುಕ್ಕೆ ಬಂತು

ಕೊರೊನಾದಿಂದ ಗುಣವಾದವರ ರಕ್ತದಲ್ಲಿ ಆ ವೈರಸ್ಸನ್ನು ನೆನಪಿಟ್ಟುಕೊಂಡ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಎಷ್ಟಿವೆ ಎಂದು ಎಲಿಸ್ಪಾಟ್ ಎಂಬ, ಸ್ಪಂದಿಸಿದ ಕೋಶಗಳನ್ನು ಚುಕ್ಕೆಗಳಾಗಿ ತೋರಿಸುವ ಪರೀಕ್ಷೆಯಲ್ಲಿ ಎಣಿಸುವುದು ನನ್ನ ಕೆಲಸವಾಗಿತ್ತು.

ಇದಕ್ಕೆ ವೈರಸ್ಸೇ ಬೇಕಿಲ್ಲ. ಟಿ ಕೋಶ ಇಡೀ ವೈರಸ್ಸನ್ನು ಗುರುತಿಸುವುದಿಲ್ಲ. ಇನ್ನೊಂದು ಕೋಶ ತನ್ನ ಎಚ್‌ಎಲ್‌ಎ ಅಣುವಿನಲ್ಲಿ ಹಿಡಿದು ತೋರಿಸುವ ಪ್ರೋಟೀನಿನ ಚೂರನ್ನಷ್ಟೇ ಗುರುತಿಸುತ್ತದೆ. ನಾನು ಬಳಸಿದ್ದು ವೈರಸ್ಸಿನ ಸ್ಪೈಕ್ ಮತ್ತು ನ್ಯೂಕ್ಲಿಯೊಕ್ಯಾಪ್ಸಿಡ್ ಪ್ರೋಟೀನುಗಳ ಪೆಪ್ಟೈಡ್‌ಗಳನ್ನು, ಅಂದರೆ ಚಿಕ್ಕ ಚೂರುಗಳನ್ನು. ಒಂದೊಂದರಲ್ಲೂ 15 ಅಮೈನೊ ಆಮ್ಲ, ಅದರಲ್ಲಿ 11 ಪಕ್ಕದ ಪೆಪ್ಟೈಡ್‌ನಲ್ಲೂ ಇರುವಂಥವು. ಚೂರು ಗುರುತು ಸಿಕ್ಕ ಕೋಶ ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನನ್ನು ಸುರಿಸುತ್ತದೆ. ತಟ್ಟೆಯ ತಳದ ಆ್ಯಂಟಿಬಾಡಿ ಅದನ್ನು ಅಲ್ಲೇ ಹಿಡಿಯುತ್ತದೆ. ಬಣ್ಣ ಹಾಕಿದ ಮೇಲೆ ಒಂದು ಕೋಶಕ್ಕೆ ಒಂದು ಚುಕ್ಕೆ.

ಹೇಳಲು ಸುಲಭ. ಮೊದಲ ತಿಂಗಳು ನನಗೆ ಸಿಕ್ಕಿದ್ದು ಬರೀ ಬೋಳು ತಟ್ಟೆಗಳು. ದ್ರವ ಸಾರಜನಕದಿಂದ ತೆಗೆದ ಕೋಶಗಳನ್ನು ಕರಗಿಸಿದ ಕೂಡಲೇ ಎಣಿಸಿ, ತಟ್ಟೆಯ ಒಂದೊಂದು ಬಾವಿಗೆ, ಅಂದರೆ ಪುಟ್ಟ ಕುಳಿಗೆ, 2 ಲಕ್ಷದಂತೆ ಹಾಕಿಬಿಡುತ್ತಿದ್ದೆ. ಆಗ ಜೀವಂತ ಕಂಡವುಗಳಲ್ಲಿ ಎಷ್ಟೋ ಬೆಳಗಾಗುವಷ್ಟರಲ್ಲಿ ಸಾಯುತ್ತಿದ್ದವು. ರಾತ್ರಿಯಿಡೀ 37 ಡಿಗ್ರಿಯಲ್ಲಿ ಸುಮ್ಮನೆ ಬಿಟ್ಟು, ಮರುದಿನ ಉಳಿದವನ್ನು ಎಣಿಸಿ ಹಾಕತೊಡಗಿದ ಮೇಲೆ ಚುಕ್ಕೆಗಳು ಕಾಣಿಸಿದವು.

ಆಮೇಲೆ ಇನ್ನೊಂದು ತಲೆನೋವು. ಹೋಲಿಕೆಗೆಂದು ಇಟ್ಟಿದ್ದು 2019ರ ಆರಂಭದಲ್ಲಿ ಶೇಖರಿಸಿದ ರಕ್ತದ ಕೋಶಗಳು. ಆಗ ಈ ವೈರಸ್ಸಿನ ಸುಳಿವೇ ಇರಲಿಲ್ಲ. ಅವುಗಳಲ್ಲೂ ಕೆಲವು ಚುಕ್ಕೆ ತೋರಿಸಿದವು! ನನ್ನ ಪಿಪೆಟ್ಟಿನ ಮೇಲೇ ಅನುಮಾನ ಬಂತು. ಪೆಪ್ಟೈಡ್ ಹೊಸದಾಗಿ ಕರಗಿಸಿ, ಪೆಪ್ಟೈಡ್ ಇಲ್ಲದೆ, ಅದನ್ನು ಕರಗಿಸುವ ದ್ರವವಾದ ಡಿಎಂಎಸ್‌ಒ ಮಾತ್ರ ಹಾಕಿದ ಬಾವಿಗಳನ್ನು ನಾಲ್ಕಕ್ಕೇರಿಸಿ ಮತ್ತೆ ಮಾಡಿದೆ. ಆ ನಾಲ್ಕೂ ಖಾಲಿ, ಪೆಪ್ಟೈಡ್ ಬಾವಿಗಳಲ್ಲಿ ಮಾತ್ರ ಚುಕ್ಕೆ. 2020ರಲ್ಲೇ ಬೇರೆ ಪ್ರಯೋಗಾಲಯಗಳೂ ಇದನ್ನೇ ಪ್ರಕಟಿಸಿದ್ದವು: ನೆಗಡಿ ತರುವ ಒಸಿ43, ಎನ್ಎಲ್63ರಂಥ ಕೊರೊನಾವೈರಸ್‌ಗಳನ್ನು ಕಂಡಿದ್ದ ಟಿ ಕೋಶಗಳಲ್ಲಿ ಕೆಲವು ಹೊಸದರ ಚೂರುಗಳಿಗೂ ಸ್ಪಂದಿಸುತ್ತವೆ. ಓದಿದ್ದೆ, ನನ್ನ ತಟ್ಟೆಯಲ್ಲಿ ನೋಡುವ ತನಕ ಮನಸ್ಸಿಗೆ ಇಳಿದಿರಲಿಲ್ಲ.

ಟಿ ಕೋಶಗಳ ಎರಡು ಬಗೆಗಳಲ್ಲಿ ಚುಕ್ಕೆ ಹಾಕಿದ್ದು ಸಿಡಿ4 ಕೋಶವೋ ಸಿಡಿ8 ಕೋಶವೋ ಎಂದು ಎಲಿಸ್ಪಾಟ್ ಹೇಳುವುದಿಲ್ಲ. ಅದಕ್ಕೆ ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹರಿಸಿ ಬಗೆ ಗುರುತಿಸುವ ಫ್ಲೋ ಸೈಟೊಮೆಟ್ರಿಯೇ ಬೇಕಾಯಿತು. ಹಳೆಯ ರಕ್ತದಲ್ಲಿ ಸ್ಪಂದಿಸಿದ್ದು ಬಹುಪಾಲು ಸಿಡಿ4.

ಅಂದಹಾಗೆ, ತಟ್ಟೆ ಇನ್‌ಕ್ಯುಬೇಟರಿನಲ್ಲಿರುವಾಗ ಅಲುಗಿದರೆ ಚುಕ್ಕೆ ಬಾಲ ಬಿಟ್ಟುಕೊಂಡು ಕಲಸಿಹೋಗುತ್ತದೆ. ಅದರ ಬಾಗಿಲಿಗೆ 'ನಾಳೆವರೆಗೆ ಮುಟ್ಟಬೇಡಿ' ಚೀಟಿ ಅಂಟಿಸಿದ್ದೇನೆ. ಆದರೂ ಯಾರಾದರೊಬ್ಬರು ಬಾಗಿಲು ತೆಗೆದೇ ತೆಗೆಯುತ್ತಾರೆ.